ಬಿಡುವಿನ ದಿನಗಳಲ್ಲಿ ನೋಡಿದ ಮನೆ

ಕಾಳಿನ ಮಂಡಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಚೀಲದಕ್ಕ ಅಂತ. ತುಂಬಿದ ಚೀಲಗಳ ಬಾಯಿ ಹೊಲಿಯುವುದು ಅವಳ ಕೆಲಸ. ದಬ್ಬಣಕ್ಕೆ ಸೆಣಬಿನ ದಾರ ಪೋಣಿಸಿ, ಚೀಲದ ಎರಡು ಮೂಲೆಗಳನ್ನು ಕಿವಿ ಹಿಂಡಿದ ಹಾಗೆ ಹಿಂಡಿ ಗಂಟು ಹಾಕಿ, ನಡುವಿನ ಬಾಯಿಯನ್ನು ಸರಸರ ಮುಚ್ಚಿ, ದಾರವನ್ನು ಹಲ್ಲಿನಲ್ಲಿ ಕಡಿದು ಮುಂದಿನ ಚೀಲಕ್ಕೆ ಸರಿಯುತ್ತಾಳೆ. ನಾಲಿಗೆಯೂ ದಬ್ಬಣದ ಜಾತಿಯದೇ. ಕೂಲಿ ಏರಿಸಿ ಎಂದು ನಾವು ಮಂಡಿಯ ಗೇಟಿಗೆ ಅಡ್ಡ ಕೂತ ವರ್ಷ, ನಮ್ಮನ್ನು ಪುಸಲಾಯಿಸಲು ಬಂದ ವರ್ತಕರ ಅಧ್ಯಕ್ಷರಿಗೆ, "ಸಾಹುಕಾರ್ರೇ, ನಿಮ್ಮ ಬಾಯಿಗೂ ನಾಲ್ಕು ಹೊಲಿಗೆ ಹಾಕಿಬಿಡ್ಲಾ? ಇದಕ್ಕೆ ಕೂಲಿ ಕೇಳಲ್ಲ" ಅಂದವಳು ಅವಳೇ. ಅಂದಿನಿಂದ ಅವಳು ಕೂಲಿಗಾರರ ಸಂಘ ನಡೆಸುವ ನನ್ನನ್ನು ಅಣ್ಣ ಅನ್ನುತ್ತಾಳೆ, ನಾನು ಅವಳಿಗೆ ಹೆದರುತ್ತೇನೆ.

ಅವಳ ಗಂಡ ಹಮಾಲಿ. ಅಂದರೆ ಹಮಾಲಿಯಾಗಿದ್ದವನು. ಬೆನ್ನು ಗಟ್ಟಿಯಾಗಿಯೇ ಇತ್ತು, ಎದೆ ಕೈಕೊಟ್ಟಿತು. ದಮ್ಮು. ಮಾತಿನ ನಡುವೆ ನಿಂತು ಗಾಳಿಯನ್ನು ಹುಡುಕಬೇಕು. ಅವರು ಬಾಡಿಗೆಗಿದ್ದದ್ದು ಒಂದು ಗೋದಾಮಿನ ಹಿಂದಿನ ಕೋಣೆಯಲ್ಲಿ. ಬಾಗಿಲು ತೆಗೆದರೆ ಹೊಟ್ಟು, ಕಿಟಕಿ ತೆಗೆದರೆ ಲಾರಿ ಹೊಗೆ, ಎರಡನ್ನೂ ಮುಚ್ಚಿದರೆ ಹೆಗ್ಗಣದ ವಾಸನೆ. ಡಾಕ್ಟರು ಒಂದು ದಿನ ಸ್ಟೆತಸ್ಕೋಪು ಕತ್ತಿಗೆ ಹಾಕಿಕೊಂಡು, "ಔಷಧಿ ನಾನು ಕೊಡ್ತೀನಮ್ಮ, ಗಾಳಿ ನಾನು ಕೊಡೋಕಾಗಲ್ಲ. ಇವರನ್ನ ಧೂಳಿಲ್ಲದ ಕಡೆ ಇಡಿ. ಇಲ್ಲದಿದ್ರೆ ಜಾಸ್ತಿ ದಿನ ಎಳೆಯಲ್ಲ" ಎಂದರು. ಚೀಲದಕ್ಕ ಮನೆ ಕೊಳ್ಳುತ್ತೇನೆ ಎಂದು ಹೊರಟಿದ್ದು ಅಂದೇ. ಸ್ವಂತ ಸೂರಿನ ಹೆಮ್ಮೆ, ಅದು ಇದು ಏನೂ ಇಲ್ಲ. ಗಂಡ ಉಸಿರಾಡಬೇಕು, ಅಷ್ಟೇ.

ನಮ್ಮಂಥ ಊರಿಗೆ ವರ್ಷವೆಂದರೆ ಎರಡೇ ಭಾಗ. ಸುಗ್ಗಿ ಮತ್ತು ಬಿಡುವು. ಸುಗ್ಗಿಯಲ್ಲಿ ಮಂಡಿಯವರು ಬೆಳಕು ಹರಿಯುವ ಮೊದಲು ಹೋಗಿ ಕತ್ತಲಾದ ಮೇಲೆ ಬರುತ್ತಾರೆ. ತಮ್ಮ ಬೀದಿಯ ಮಧ್ಯಾಹ್ನ ಹೇಗಿರುತ್ತದೆ ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ. ಬಿಡುವಿನಲ್ಲಿ ಲಾರಿ ತೂಗುವ ಕಟ್ಟೆಯ ಮೇಲೆ ನಾಯಿಗಳು ಮಲಗಿರುತ್ತವೆ. ಮದುವೆ ಮಾತುಕತೆ, ಹಲ್ಲು ಕೀಳಿಸುವುದು, ಮನೆ ನೋಡುವುದು ಎಲ್ಲ ಆಗಲೇ. ಕೈಯಲ್ಲಿ ಸುಗ್ಗಿಯ ಕಾಸೂ ಇರುತ್ತದೆ, ಹೊತ್ತೂ ಇರುತ್ತದೆ. ಹಾಗಾಗಿ ಚೀಲದಕ್ಕನೂ ಬಿಡುವಿನಲ್ಲೇ ಮನೆ ನೋಡಿದಳು.

ಬ್ರೋಕರ್ ಒಬ್ಬನಿದ್ದ, ಸದಾ ತಲೆ ಬಾಚಿಕೊಳ್ಳುವವನು. ಊರವರು ಬಾಚಣಿಗೆ ಅನ್ನುತ್ತಿದ್ದರು. ಅವನು ತೋರಿಸಿದ ಮೊದಲನೆಯ ಮನೆಗೆ ಪಕ್ಕದವರ ಅಡುಗೆಮನೆಯ ಮೂಲಕ ಹೋಗಬೇಕಿತ್ತು. ಎರಡನೆಯದಕ್ಕೆ ಮಹಡಿ ಇತ್ತು, ಮೆಟ್ಟಿಲಿರಲಿಲ್ಲ.

"ಮೆಟ್ಟಿಲು ನಿಮಗೆ ಬೇಕಾದ ಹಾಗೆ ಹಾಕ್ಕೋಬಹುದಲ್ಲಕ್ಕ, ಅದೇ ಅನುಕೂಲ."

"ಹೌದಪ್ಪ, ಗೋಡೆ ತೆಗೆದುಬಿಡು, ಇನ್ನೂ ಅನುಕೂಲ ಆಗ್ತದೆ."

ಮೂರನೆಯದು ಊರಿನ ಆಚೆ ತುದಿಯಲ್ಲಿ, ಮಂಡಿಗೆ ಬೆನ್ನು ಹಾಕಿಕೊಂಡಂತಿತ್ತು. ಎರಡು ಕೋಣೆ, ಕಿಟಕಿಯಿಲ್ಲದ ಒಂದು ಬಚ್ಚಲು, ಬೀದಿಗೆ ತೆರೆಯುವ ದೊಡ್ಡ ಕಿಟಕಿ. ಎದುರಿಗೆ ಮನೆಗಳೇ ಇಲ್ಲ, ಕಾಂಕ್ರೀಟು ಹಾಸಿದ ಅಗಲವಾದ ಬಯಲು. ಮಕ್ಕಳು ಚೆಂಡಾಡುತ್ತಿದ್ದರು. ಚೀಲದಕ್ಕ ಗೋಡೆಗಳನ್ನು ಗುದ್ದಿ ನೋಡುತ್ತಿದ್ದಾಗ ಅವಳ ಗಂಡ ಹೊಸ್ತಿಲ ಮೇಲೆ ಕೂತು ಒಂದು ಉದ್ದ ಉಸಿರೆಳೆದ. ಅದು ನಡುವೆ ಎಲ್ಲೂ ತಡವರಿಸಲಿಲ್ಲ.

"ಇಲ್ಲಿ ಗಾಳಿ ಆಡ್ತದೆ ಕಣೇ" ಎಂದ.

ಮಾರುವವರು ಒಬ್ಬ ನಿವೃತ್ತ ಗುಮಾಸ್ತರು. ಚೀಲದಕ್ಕ ನೇರವಾಗಿಯೇ ಕೇಳಿದಳು: "ಧೂಳುಗೀಳು ಏನಾದ್ರೂ ಇದೆಯಾ ಸ್ವಾಮಿ? ಇವರಿಗೆ ಆಗಲ್ಲ."

"ನೀವೇ ನೋಡ್ತಿದ್ದೀರಲ್ಲಮ್ಮ" ಎಂದರು ಗುಮಾಸ್ತರು.

ಸುಳ್ಳು ಹೇಳಲಿಲ್ಲ. ಇಂಥ ಉತ್ತರ ಕೊಡುವುದನ್ನು ಆಫೀಸುಗಳಲ್ಲಿ ಕೂತೇ ಕಲಿಯುತ್ತಾರೆ. ನಾನೂ ಜೊತೆಗೆ ಹೋಗಿದ್ದೆ. ಬಯಲು ನೋಡಿ, ಚೆನ್ನಾಗಿದೆ ಎಂದೆ. ಸೊಸೈಟಿಯ ಸಾಲ, ಕಿವಿಯ ಓಲೆ, ಕೂಡಿಟ್ಟದ್ದು ಎಲ್ಲ ಸೇರಿಸಿ ಮನೆ ತೆಗೆದುಕೊಂಡರು. ಮಳೆಗಾಲ ಪೂರ್ತಿ ಗಂಡ ಹೊಸ್ತಿಲ ಮೇಲೆ ಕೂತು ಹೋಗಿಬರುವವರನ್ನೆಲ್ಲ ಮಾತಾಡಿಸಿದ. ದಮ್ಮು ಇವನನ್ನು ಮರೆತ ಹಾಗಿತ್ತು.

ಆಮೇಲೆ ಸುಗ್ಗಿ ಬಂತು. ಮೆಕ್ಕೆಜೋಳ ಆ ವರ್ಷ ಚೆನ್ನಾಗಿ ಬಂದಿತ್ತು. ಚೀಲದಕ್ಕ ಮಂಡಿ ಸೇರಿದಳು. ಕತ್ತಲಲ್ಲಿ ಮನೆಗೆ ಬಂದಾಗ ಹಾಸಿಗೆಯ ಮೇಲೆ, ಗಂಡನ ತಲೆಗೂದಲಲ್ಲಿ ಕೆಂಪು ಹೊಟ್ಟು ಕಾಣುತ್ತಿತ್ತು. ಅವನ ಉಸಿರು ಮತ್ತೆ ಸಿಳ್ಳೆ ಹಾಕಲು ಶುರುಮಾಡಿತ್ತು. ಎಲ್ಲ ತನ್ನ ಸೀರೆಯಿಂದಲೇ ಬರುತ್ತಿದೆ ಎಂದುಕೊಂಡಳು ಈ ಪುಣ್ಯಾತ್ಗಿತ್ತಿ. ಬಾಗಿಲಾಚೆಯೇ ಸೀರೆ ಕೊಡವಿ, ಸೀದಾ ಬಚ್ಚಲಿಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡೇ ಅವನ ಹತ್ತಿರ ಹೋಗುತ್ತಿದ್ದಳು. ಅಷ್ಟು ಮಾಡಿದರೂ ಬೆಳಗ್ಗೆ ದಿಂಬಿನ ಮೇಲೆ ಹೊಟ್ಟು. ನೆಗಡಿಯೂ ಹಿಡಿಯಿತು. ಗಂಡ ಬಾಯಿ ಬಿಡಲಿಲ್ಲ.

ಒಂದು ದಿನ ತೂಕದಲ್ಲಿ ಮೋಸ ಎಂದು ರೈತರು ಜಗಳ ತೆಗೆದು, ಮಧ್ಯಾಹ್ನಕ್ಕೇ ಮಂಡಿ ಬಂದ್ ಆಯಿತು. ಚೀಲದಕ್ಕ ಹಾಡುಹಗಲೇ ಮನೆಗೆ ಬಂದಳು. ಅವಳ ಬೀದಿ ಅವಳಿಗೇ ಗುರುತು ಸಿಗಲಿಲ್ಲ. ಬಯಲಿನ ತುಂಬ ತೆನೆಗಳ ಗುಡ್ಡೆ. ಟ್ರಾಕ್ಟರುಗಳು ತಿರುವಿನವರೆಗೂ ಸಾಲು ನಿಂತಿದ್ದವು. ನಡುವೆ ಒಂದು ರಾಶಿ ಮಿಷನ್ನು ಗಡಗಡ ಎನ್ನುತ್ತ ತೆನೆ ನುಂಗಿ, ಒಂದು ಕಡೆಯಿಂದ ಕಾಳನ್ನೂ ಇನ್ನೊಂದು ಕಡೆಯಿಂದ ಹೊಟ್ಟನ್ನೂ ಉಗಿಯುತ್ತಿತ್ತು. ಹೊಟ್ಟು ಉಗಿಯುವ ಬಾಯಿ ನೆಟ್ಟಗೆ ಅವಳ ಮನೆಯ ಕಡೆಗೇ ಇತ್ತು. ಗಾಳಿ ಆಡುವ ಮನೆಯಲ್ಲವೇ, ಚೆನ್ನಾಗಿಯೇ ಆಡುತ್ತಿತ್ತು.

ಕಿಟಕಿಗೆ ಒದ್ದೆ ಗೋಣಿಚೀಲ ತುರುಕಿತ್ತು. ಒಳಗೆ ಗಂಡ ಇಲ್ಲ. ಕೂಗಿದರೆ ಬಚ್ಚಲಿಂದ ಕೆಮ್ಮು ಕೇಳಿಸಿತು. ಬಾಗಿಲು ಹಾಕಿಕೊಂಡು, ಬೋರಲು ಹಾಕಿದ ಬಕೆಟ್ಟಿನ ಮೇಲೆ, ಕತ್ತಲಲ್ಲಿ ಕೂತಿದ್ದ. ಸುಗ್ಗಿ ಶುರುವಾದಾಗಿನಿಂದ ಹಗಲೆಲ್ಲ ಅಲ್ಲೇ ಕೂತಿದ್ದು, ಸಂಜೆ ಮಿಷನ್ನು ನಿಂತು ಬಯಲು ಖಾಲಿಯಾದ ಮೇಲೆ ಕಿಟಕಿಯ ಚೀಲ ತೆಗೆದು ಹೊರಬರುತ್ತಿದ್ದನಂತೆ.

"ಬಾಯಲ್ಲಿ ಏನಿಟ್ಕೊಂಡಿದ್ದೆ? ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ..." ಗಾಳಿಗೆ ನಿಂತ. "ಹೇಳಿದ್ರೆ ಏನು, ಮನೆ ಎತ್ತಿ ಬೇರೆ ಕಡೆ ಇಡ್ತಿದ್ದೆಯಾ? ಓಲೆ ಬೇರೆ ಮಾರಿದ್ದೀಯ."

ಬೀದಿಗೆ ಹಾರಿದಳು. ಮಿಷನ್ನಿನವನು ಒಳ್ಳೆಯವನೇ, ಅದೇ ತೊಂದರೆ. ಬೈದರೆ ತಲೆ ತಗ್ಗಿಸುತ್ತಾನೆ, ಕೆಲಸ ನಿಲ್ಲಿಸುವುದಿಲ್ಲ. "ಅಕ್ಕ, ಈ ಕಣ ಈ ಬೀದಿಗಿಂತ ಹಳೇದು. ಬಾಯಿ ಆ ಕಡೆ ತಿರುಗಿಸಿದ್ರೆ ಕಾಳಿನ ಮೇಲೆ ಹೊಟ್ಟು ಬೀಳ್ತದೆ, ರೈತ್ರು ನನ್ನನ್ನ ಬಿಡ್ತಾರಾ?" ಟ್ರಾಕ್ಟರಿನ ಮೇಲಿದ್ದ ಮುದುಕನೊಬ್ಬ ಇಣುಕಿ ನೋಡಿ, "ನೀನು ಚೀಲ ಹೊಲಿಯೋಳಲ್ವೇನವ್ವ? ನೀನು ಹೊಲಿಯೋ ಕಾಳೆಲ್ಲ ಇಲ್ಲಿಂದ್ಲೇ ಬರೋದು. ಇದು ನಿಂತ್ರೆ ದಬ್ಬಣ ಇಟ್ಕೊಂಡು ಏನು ಕಿವಿ ಕೆರ್ಕೋತೀಯಾ?" ಎಂದ. ಎಷ್ಟೋ ವರ್ಷದಿಂದ ಆ ಕಾಳು ಅವಳ ಕೈಮೇಲೆ ಹಾದುಹೋಗಿದೆ. ಅದರ ಹೊಟ್ಟು ಎಲ್ಲಿ ಉಳಿಯುತ್ತದೆ ಎಂದು ಮಂಡಿಯಲ್ಲಿ ಯಾರೂ ಕೇಳಿದ್ದಿಲ್ಲ.

ಅವಳಿಗೆ ಹೊಟ್ಟೆ ಉರಿದದ್ದು ಪಕ್ಕದ ಮನೆಯವಳ ಮಾತಿಗೆ.

"ನಿಮಗೆ ಗೊತ್ತಿತ್ತಲ್ಲ, ಹೇಳಬಾರದಿತ್ತಾ?"

"ನಾವೂ ಬಿಡುವಿನಲ್ಲೇ ನೋಡಿ ತಗೊಂಡಿದ್ದು ಕಣಕ್ಕ. ನಮಗ್ಯಾರು ಹೇಳಿದ್ರು? ನಾಳೆ ನಾವೂ ಮಾರಬೇಕಲ್ಲ."

ಇಡೀ ಬೀದಿ ಹೀಗೆ ಬಾಯಿ ಹೊಲಿದುಕೊಂಡು ಮುಂದಿನ ಪೆದ್ದನಿಗಾಗಿ ಕಾಯುತ್ತಿತ್ತು.

ನನ್ನ ಹತ್ತಿರ ಬಂದಳು. ಪುರಸಭೆಗೆ ಹೋದೆವು. ಅರ್ಜಿ ಬರೆದುಕೊಡಿ ಎಂದರು, ಕೊಟ್ಟೆವು. ಸ್ಥಳ ಪರಿಶೀಲನೆಗೆ ಬರುತ್ತೇವೆ ಎಂದರು. ಬಂದದ್ದು ಮಳೆಗಾಲದಲ್ಲಿ. ಚೆಂಡಾಡುತ್ತಿದ್ದ ಮಕ್ಕಳನ್ನು ನೋಡಿ, ಧೂಳು ಕಂಡುಬಂದಿಲ್ಲ ಎಂದು ಬರೆದುಕೊಂಡು ಹೋದರು. "ಮಿಷನ್ ಮುಂದೆ ಧರಣಿ ಕೂರೋಣವಾ ಅಣ್ಣ?" ಎಂದು ಅವಳು ಮೊದಲೇ ಕೇಳಿದ್ದಳು. ಯಾರ ವಿರುದ್ಧ ಕೂರುವುದು? ಟ್ರಾಕ್ಟರಿನ ಮೇಲಿದ್ದವರೆಲ್ಲ ಬೆಳೆಗೆ ಬೆಲೆ ಕೇಳಿ ನಮ್ಮ ಜೊತೆ ಹೆದ್ದಾರಿ ತಡೆದು ಮಲಗಿದ್ದವರು. ವರ್ತಕರ ಮೇಲಾದರೆ ಕೂಗಲು ಗಂಟಲು ತಾನಾಗಿ ಬರುತ್ತದೆ. ಇಲ್ಲಿ ಎರಡೂ ಕಡೆ ನಮ್ಮವರೇ. ಬೇರೆ ಜಾಗ ಹುಡುಕಿ ಎಂದು ರೈತರನ್ನು ಕೇಳಿಕೊಂಡೆ. "ನೀನೇ ಕೊಡು ಜಾಗ" ಎಂದರು. ನನ್ನದೂ ಬಾಡಿಗೆ ಮನೆಯೇ.

ಪುರಸಭೆಯವರು ಬರುವ ಮುಂಚೆಯೇ, ಆ ಮೊದಲ ಸುಗ್ಗಿಯಲ್ಲೇ, ಚೀಲದಕ್ಕ ಮನೆ ಮಾರಲು ನಿಂತಿದ್ದಳು. ಬಾಚಣಿಗೆ ಬಂದು ತಲೆ ಬಾಚಿಕೊಂಡು, "ಈಗ ಬೇಡಕ್ಕ. ಸುಗ್ಗಿ ಮುಗೀಲಿ. ಬಯಲು ತೊಳೆದ ಹಾಗಾದ ಮೇಲೆ ತೋರಿಸೋಣ, ನೀವು ಕೊಟ್ಟಿದ್ದಕ್ಕಿಂತ ಜಾಸ್ತೀನೇ ಬರ್ತದೆ" ಎಂದ.

"ನನ್ನಂಥವಳ ತಲೆಗೆ ಕಟ್ಟು ಅಂತೀಯಾ?"

"ವ್ಯವಹಾರ ಅಕ್ಕ."

"ನಿನ್ನ ವ್ಯವಹಾರಕ್ಕೆ ಬೆಂಕಿ ಹಾಕ. ತೋರಿಸೋದಾದ್ರೆ ಈಗಲೇ, ಮಧ್ಯಾಹ್ನ, ಮಿಷನ್ ಓಡೋವಾಗ."

ಗಂಡ ಬಚ್ಚಲಿಂದಲೇ ಕೂಗಿದ: "ನಾಲ್ಕು ತಿಂಗಳು ಬಾಯಿ ಮುಚ್ಕೊಂಡಿರೇ! ಉಸಿರು ಕಟ್ಟಿರೋದು ನಂಗೆ, ನಿಂಗಲ್ಲ!" ಅದೂ ನಿಜವೇ. ಅವಳು ಜಗ್ಗಲಿಲ್ಲ. ಅವನನ್ನು ಬೇರೆ ಊರಿನ ನಾದಿನಿಯ ಮನೆಗೆ ಕಳಿಸಿ, ಚೀಲಕ್ಕೆ ಗುರುತು ಹಾಕುವ ಮಸಿಯಲ್ಲಿ ಗೋಡೆಯ ಮೇಲೆ ಬರೆದಳು: ಮನೆ ಮಾರಾಟಕ್ಕಿದೆ, ಮಧ್ಯಾಹ್ನವೇ ಬಂದು ನೋಡಿ. ಬೀದಿಯವರಿಗೆ ಮೈಯೆಲ್ಲ ಉರಿಯಿತು. ನಮ್ಮ ಮನೆಗಳ ಬೆಲೆ ಬೀಳಿಸಿದಳು ಎಂದು ಯಾರೋ ಸುಣ್ಣ ಬಳಿದರು. ಇವಳು ಮತ್ತೆ ಬರೆದಳು. ಸುಗ್ಗಿಯಲ್ಲಿ ಮಧ್ಯಾಹ್ನ ಯಾರಿಗೆ ಪುರುಸೊತ್ತಿದೆ, ಯಾರೂ ಬರಲಿಲ್ಲ. ಸಾಲದ ಕಂತು ಮಾತ್ರ ತಪ್ಪದೆ ಬಂತು. ಬಿಡುವಿನಲ್ಲಿ ತೋರಿಸಲು ಅವಳು ಒಪ್ಪಲಿಲ್ಲ, ಮಳೆಗಾಲ ಹೋಗಿ ಇನ್ನೊಂದು ಸುಗ್ಗಿಯೂ ಬಂತು. ನಾದಿನಿಯ ಮನೆಯಲ್ಲಿ ಮುಖ ಸಿಂಡರಿಸುತ್ತಾರೆ, ಬಂದುಬಿಡುತ್ತೇನೆ ಎಂದು ಗಂಡ ಫೋನಿನಲ್ಲಿ ಹೇಳಿದ.

ಆ ವಾರವೇ ಒಬ್ಬ ಹೊಸ ಹಮಾಲಿ ಅವಳ ಪಕ್ಕ ಚೀಲ ಇಳಿಸಿ, "ಅಕ್ಕ, ಮನೆ ಮಾರ್ತೀಯಂತಲ್ಲ, ಸುಗ್ಗಿ ಕಳೀಲಿ, ಬಂದು ನೋಡ್ತೀನಿ" ಎಂದ. ಚೀಲದಕ್ಕ ದಬ್ಬಣವನ್ನು ಅರ್ಧ ಹೊಲಿದ ಚೀಲದಲ್ಲೇ ಬಿಟ್ಟು ಅವನ ರಟ್ಟೆ ಹಿಡಿದಳು. ಮೇಸ್ತ್ರಿ ಕೂಗುತ್ತಲೇ ಇದ್ದ. ಬಿಸಿಲಲ್ಲಿ ಊರಿಡೀ ನಡೆಸಿಕೊಂಡು ಹೋಗಿ, ಮಿಷನ್ನಿನ ಬಾಯಿಯ ಎದುರೇ ನಿಲ್ಲಿಸಿದಳು. "ಕಣ್ಣು ಬಿಟ್ಟು ನೋಡು. ಹೊಸ್ತಿಲ ಮೇಲೆ ಕೂತು ನೋಡು. ಆಮೇಲೆ ಹೇಳ್ಲಿಲ್ಲ ಅನ್ಬೇಡ."

ಅವನು ಕೂತ, ಸೀನಿದ, ಕಣ್ಣುಜ್ಜಿಕೊಂಡ. "ಬೆಲೆ ಇಳಿಸಿದ್ರೆ ತಗೋತೀನಿ ಅಕ್ಕ. ನಂಗೇನು ದಮ್ಮಿಲ್ಲ."

ಇಳಿಸಿದಳು, ಕೊಟ್ಟಳು. ಸಾಲ ತೀರಲಿಲ್ಲ, ಓಲೆ ವಾಪಸು ಬರಲಿಲ್ಲ. ಹೆದ್ದಾರಿಯಾಚೆ ಮರ ಕೊಯ್ಯುವ ಮಿಲ್ಲಾಗಲಿ ಕಣವಾಗಲಿ ಇಲ್ಲ ಎಂದು ಖುದ್ದಾಗಿ ಹಗಲೆಲ್ಲ ಕೂತು ನೋಡಿ ಒಂದು ಬಾಡಿಗೆ ಕೋಣೆ ಹಿಡಿದಳು. ಗಂಡ ಅಲ್ಲಿ ಉಸಿರಾಡಿಕೊಂಡಿದ್ದಾನೆ. ಮಂಡಿಗೆ ಅವಳು ದಿನಾ ಅಷ್ಟು ದೂರ ನಡೆಯುತ್ತಾಳೆ. ಕೇಳಿದರೆ, "ಕಳ್ಕೊಂಡೆ ನಿಜ ಅಣ್ಣ, ಮೋಸ ಮಾಡಿ ಮಾರ್ಲಿಲ್ಲ" ಎನ್ನುತ್ತಿದ್ದಳು. ಆ ಒಂದು ಮಾತು ಅವಳ ಹತ್ತಿರ ಉಳಿದಿತ್ತು.

ಈ ಸುಗ್ಗಿಯಲ್ಲಿ ಅದೂ ಹೋಯಿತು. ಒಂದು ಮಧ್ಯಾಹ್ನ ಮಂಡಿಯ ಗೇಟಿನಿಂದ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು, ಕಂಕುಳಲ್ಲಿ ಕೆಮ್ಮುವ ಕೂಸು, ತಲೆತುಂಬ ಕೆಂಪು ಹೊಟ್ಟು, ಸೀದಾ ಚೀಲದಕ್ಕನ ಮುಂದೆ ಬಂದು ನಿಂತಳು.

"ಚೀಲದಕ್ಕ ಅಂದ್ರೆ ನೀನೇನಾ? ನೀನೂ ಒಂದು ಹೆಂಗಸಾ? ಕೂಸಿನ ಮೂಗಲ್ಲಿ ಹೊಟ್ಟು ತೆಗೆದೂ ತೆಗೆದೂ ಸಾಕಾಯ್ತು. ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ದೀನಮ್ಮ! ಮಧ್ಯಾಹ್ನದಲ್ಲಿ ಕರ್ಕೊಂಡು ಹೋಗಿ ಹೊಸ್ತಿಲ ಮೇಲೆ ಕೂರಿಸಿ ತೋರಿಸಿದ್ದೀನಿ. ಕೇಳು ನಿನ್ನ ಗಂಡನ್ನ."

"ಅವನಿಗೆ ತೋರಿಸಿದ್ಯಾ? ಅವನು ಹಗಲು ಮನೇಲಿ ಇರ್ತಾನಾ?"

ಮನೆ ಕೊಂಡ ಹಮಾಲಿ ಅಷ್ಟು ದೂರದಲ್ಲಿ ಚೀಲದ ಕೆಳಗೆ ತಲೆ ಬಗ್ಗಿಸಿಕೊಂಡು ಲಾರಿಯ ಕಡೆ ನಡೆಯುತ್ತಿದ್ದ. ನಿಲ್ಲಲಿಲ್ಲ. ಚೀಲದಕ್ಕ ದಬ್ಬಣವನ್ನು ಅರ್ಧ ಹೊಲಿದ ಚೀಲದಲ್ಲೇ ಬಿಟ್ಟು ಕೂಸಿನ ಕಡೆ ತಿರುಗಿದಳು. ಕೂಸು ಮತ್ತೆ ಕೆಮ್ಮಿತು. ಅಷ್ಟರಲ್ಲಿ ಮೇಸ್ತ್ರಿ, "ಏಯ್, ಚೀಲ ನಿಂತಾವೆ!" ಎಂದು ಕಿರುಚಿದ.