ದಿಂಕಾಳ ಹಸಿರು ದೀಪಗಳು

ನಮ್ಮ ದ್ವೀಪದ ವೀರರಲ್ಲಿ ಕಡಲುಗಳ್ಳರನ್ನು ಓಡಿಸಿದವರಿದ್ದಾರೆ, ಬಿರುಗಾಳಿಗೆ ಎದೆಯೊಡ್ಡಿ ದೋಣಿ ನಡೆಸಿದವರಿದ್ದಾರೆ. ಆ ಸಾಲಿನಲ್ಲಿ ನಿಲ್ಲಬೇಕಾದ ದಿಂಕಾ ಮಾತ್ರ ಬಾಗಿಲು ಕಿರ್ ಎಂದರೂ ಬೆಚ್ಚುವ ಹೆಂಗಸು. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸಾಗುತ್ತಾಳೆ. ಹಡಗು ಹತ್ತಿದೊಡನೆ ತೇಲುವ ಅಂಗಿ ಎಲ್ಲಿದೆಯೆಂದು ನೋಡಿಟ್ಟುಕೊಳ್ಳುತ್ತಾಳೆ. ಕಡಲಾಚೆಯ ಸ್ಪ್ಲಿಟ್ ನಗರದ ಕಂಪನಿಯೊಂದಕ್ಕೆ ಮನೆಯಲ್ಲೇ ಕೂತು ಮಾಡಿಕೊಡುವ ಕೆಲಸವೂ ಹೆದರಿಕೆಯದೇ: ಹತ್ತು ಜನ ಸೇರಿ ಒಂದು ಕೆಲಸ ಮಾಡುವಾಗ ಯಾರ ಕೈಯಿಂದ ಏನು ಜಾರಬಹುದೆಂದು ಅವರಿಗಿಂತ ಮೊದಲೇ ಹೆದರಿ, ಜಾರದಂತೆ ಸಾಫ್ಟ್‌ವೇರ್ ರೂಪಿಸುವುದು.

ನಮ್ಮೂರ ಅಗ್ನಿಶಾಮಕ ದಳದಲ್ಲಿ ಸಂಬಳದವರಿಲ್ಲ. ಕ್ಷೌರಿಕ, ಪಾದ್ರಿ, ಮೀನುಗಾರ, ಹೋಟೆಲಿನವ, ಸೈರನ್ ಕೂಗಿದರೆ ಎಲ್ಲರೂ ದಳದವರೇ. ಆ ಸೈರನ್ ಉಪ್ಪುಗಾಳಿಗೆ ತುಕ್ಕು ತಿಂದು ಗಂಟಲು ಕಟ್ಟಿಕೊಂಡಾಗ, ದಳಪತಿ ಶ್ಪಿರೋ ದಿಂಕಾಳ ಬಾಗಿಲಿಗೆ ಬಂದ.

“ಬೆಂಕಿ ಬಿದ್ರೆ ಎಲ್ರ ಫೋನೂ ಕೂಗ್ಬೇಕು ಕಣವ್ವಾ. ಯಾರು ಬರ್ತಾರೆ, ಯಾರು ಬರಲ್ಲ ಅಂತ ನಂಗೆ ಗೊತ್ತಾಗ್ಬೇಕು.”

“ನಿಮಗೊಬ್ರಿಗೇ ಯಾಕೆ ಮಾವ? ಎಲ್ರಿಗೂ ಗೊತ್ತಾಗ್ಲಿ. ಒಬ್ಬರನ್ನೊಬ್ರು ನೋಡ್ತಾ ಇದ್ರೆ ಕೆಲಸ ಸಲೀಸು.”

ಹಾಗೆ ಹುಟ್ಟಿತು ಆ ಮಹಾಯಂತ್ರ. ಫೋನ್ ಕೂಗಿದಾಗ ಎರಡು ಗುಂಡಿ ಕಾಣುತ್ತವೆ: ‘ಬಂದೆ’, ‘ಬರಲಾಗದು’. ‘ಬಂದೆ’ ಒತ್ತಿದವನ ಹೆಸರಿನ ಮುಂದೆ ಎಲ್ಲರ ಫೋನಿನಲ್ಲೂ ಹಸಿರು ದೀಪ ಹೊತ್ತಿಕೊಳ್ಳುತ್ತದೆ. ದಿಂಕಾ ಬ್ಯಾಟರಿ ಸಾಯುವುದಕ್ಕೆ ಹೆದರಿದ್ದಳು, ಮೊಬೈಲ್ ಗೋಪುರಕ್ಕೆ ಸಿಡಿಲು ಬಡಿಯುವುದಕ್ಕೆ ಹೆದರಿದ್ದಳು, ಎಲ್ಲಕ್ಕೂ ಪರಿಹಾರ ಹೂಡಿದ್ದಳು. ಹೆದರದೆ ಬಿಟ್ಟದ್ದು ನಮ್ಮ ಜನಕ್ಕೆ. ನಮ್ಮಲ್ಲಿ ಯಾರಾದರೂ ಕರೆದರೆ ಸ್ನಾನದ ತೊಟ್ಟಿಯಲ್ಲಿರುವವನೂ ‘ಇಗೋ ಬಂದೆ, ದಾರೀಲೇ ಇದೀನಿ’ ಎನ್ನುತ್ತಾನೆ. ಬರುವುದಿಲ್ಲ ಎಂದು ಊರೆದುರು ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ. ಇದೇ ಮಣ್ಣಿನವಳಾದ ದಿಂಕಾಳೂ ಹಾಗೇ ಅನ್ನುವವಳು, ಆದ್ದರಿಂದಲೇ ಅವಳಿಗದು ಕಾಣಲಿಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ, ಬುರಾ ಎಂಬ ನಮ್ಮ ಕಡೆಯ ಹುಚ್ಚು ಗಾಳಿ ಕಲ್ಲುಗಳನ್ನೂ ಉರುಳಿಸುವಂತೆ ಬೀಸುತ್ತಿದ್ದಾಗ, ಗುಡ್ಡದ ಪೈನ್ ಕಾಡಿನಿಂದ ಹೊಗೆ ಎದ್ದಿತು. ಗಾಳಿ ಬೆಂಕಿಯನ್ನು ಮೇಲಿನ ಕೇರಿಯತ್ತ ತಳ್ಳುತ್ತಿತ್ತು. ಅಲ್ಲಿ ಉಳಿದಿರುವವಳು ಒಬ್ಬಳೇ: ದಿಂಕಾಳನ್ನು ಸಾಕಿ ಬೆಳೆಸಿದ ಅತ್ತೆ ಪೆರೀನಾ, ಅವಳ ಜೇನುಪೆಟ್ಟಿಗೆಗಳೊಂದಿಗೆ. ಫೋನನ್ನು ಸೈತಾನನ ಕಿವಿ ಎಂದು ದೂರವಿಟ್ಟವಳು. ಕೆಳಗಿಳಿಯಲು ಇರುವುದು ಒಂದೇ ರಸ್ತೆ.

ದಳಕ್ಕೆ ಸೇರಿದ್ದ ನಾನು ಕಾಲು ಮುರಿದು, ಪ್ಲಾಸ್ಟರ್ ಹಾಕಿಸಿಕೊಂಡು ದಳದ ಕಟ್ಟಡದಲ್ಲೇ ಕೂತಿದ್ದೆ. ದಿಂಕಾ ಏದುಸಿರು ಬಿಡುತ್ತ ಓಡಿಬಂದಳು. ಎಲ್ಲರ ಹೆಸರು ಕಾಣುವಂತೆ ಗೋಡೆಗೆ ಹಾಕಿದ್ದ ದೊಡ್ಡ ತೆರೆ ನೋಡಿದರೆ ಹಬ್ಬದ ಬೀದಿ, ಅಡಿಯಿಂದ ಮುಡಿಯವರೆಗೆ ಹಸಿರು. ಶ್ಪಿರೋನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ಪಕ್ಕದ ಊರಿನ ದಳಪತಿ ಫೋನ್ ಮಾಡಿ, “ನಮ್ಮೋರನ್ನ ಕಳಿಸ್ಲೇನೋ?” ಎಂದಾಗ, “ಬೇಡ ಕಣಯ್ಯಾ, ಇಲ್ಲಿ ಜನ ತುಂಬಿ ತುಳುಕ್ತಿದಾರೆ” ಎಂದುಬಿಟ್ಟ.

ಆಗ ಅಲ್ಲಿ ತುಳುಕುತ್ತಿದ್ದವರು ಅವನು, ದಿಂಕಾ ಮತ್ತು ನನ್ನ ಮುರಿದ ಕಾಲು. ಬೆಂಕಿ ಆರಿಸುವ ವಾಹನ ಬಾಗಿಲು ತೆರೆದುಕೊಂಡು ನಿಂತೇ ಇತ್ತು. ಪೈಪು ಹಿಡಿಯುವವರಿಲ್ಲದೆ ಅದು ಗುಡ್ಡ ಹತ್ತಿ ಏನು ಮಾಡೀತು? ಬಿಳಿ ಹೊಗೆ ಕಪ್ಪಾಯಿತು. ಬೂದಿಯ ಚೂರುಗಳು ಹೊಸ್ತಿಲಿಗೆ ಬಂದು ಬಿದ್ದವು. ದಿಂಕಾ ಕ್ಷೌರಿಕ ಫ್ರಾನೆಗೆ ಫೋನ್ ಮಾಡಿದಳು.

“ಎಲ್ಲಿದೀಯಾ ಫ್ರಾನೆ?”

“ಇಗೋ ಬಂದೆ ಕಣೇ, ದಾರೀಲೇ ಇದೀನಿ!”

ದಾರಿಯಲ್ಲಿ ಕತ್ತರಿ ಕಚ್ ಕಚ್ ಎನ್ನುತ್ತಿತ್ತು.

“ಯಾರ ತಲೆ ಕತ್ತರಿಸ್ತಾ ಇದೀಯೋ?”

“ಅಷ್ಟೊಂದು ಜನ ಹೊರಟಿದಾರಲ್ಲವ್ವಾ, ಹಸಿರೋ ಹಸಿರು! ಇವರದು ಒಂದು ಕಿವಿ ಕಡೆ ಬಾಕಿ, ಮುಗಿಸಿ ಹಾರಿ ಬರ್ತೀನಿ.”

ದಿಂಕಾಳಿಗೆ ಆಗ ಹೊಳೆಯಿತು. ಪ್ರತಿಯೊಬ್ಬನೂ ಉಳಿದವರ ದೀಪ ನೋಡಿ ನೆಮ್ಮದಿಯಾಗಿ ಕೂತಿದ್ದಾನೆ. ದೀಪ ಹಚ್ಚಿಕೊಟ್ಟವಳು ತಾನೇ. ಅವಳು ಲ್ಯಾಪ್‌ಟಾಪ್ ತೆರೆದಳು.

“ಏನ್ ಮಾಡ್ತಿದೀಯೇ?” ಶ್ಪಿರೋ ಕಿರುಚಿದ.

“ಸುಳ್ಳು ಹೇಳ್ತಿದೀನಿ ಮಾವ. ನೀವು ಪಕ್ಕದೂರಿನೋರನ್ನ ಕರೀರಿ, ಬೇಗ!”

ಹಸಿರೆಲ್ಲ ಆರಿತು. ಊರಿನ ಅಷ್ಟೂ ಫೋನುಗಳು ಮತ್ತೆ ಕೂಗಿದವು. ಎಲ್ಲದರಲ್ಲೂ ಒಂದೇ ಸಾಲು: ‘ಬರುತ್ತಿರುವವರು: ಯಾರೂ ಇಲ್ಲ.’

ಆಮೇಲೆ ನನಗೂ ದಿಂಕಾಳ ಹೆದರಿಕೆ ಅಂಟಿತು. ಯಾರೂ ಹೋಗುತ್ತಿಲ್ಲವೆಂದರೆ ನನಗೇನು ಹುಚ್ಚೇ ಎಂದು ಊರೆಲ್ಲ ಕೂತುಬಿಟ್ಟರೆ? ದಿಂಕಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ರಸ್ತೆಯನ್ನೇ ನೋಡುತ್ತಿದ್ದಳು. ಗಾಳಿ ಊಳಿಡುತ್ತಿತ್ತು, ರಸ್ತೆ ಬರಿದಾಗಿತ್ತು.

ಮೊದಲು ತಿರುವಿನಲ್ಲಿ ಕಂಡದ್ದು ಪಾದ್ರಿ ಡಾನ್ ಯೂರೆ, ನಿಲುವಂಗಿಯನ್ನು ಸೊಂಟಕ್ಕೆ ಕಟ್ಟಿ ಸ್ಕೂಟರ್ ಮೇಲೆ. ಅವರ ಹಿಂದೆ ಕತ್ತರಿ ಹಿಡಿದೇ ಫ್ರಾನೆ, ಅವನ ಹಿಂದೆ ಅರ್ಧ ತಲೆ ಕತ್ತರಿಸಿಕೊಂಡ ಗಿರಾಕಿ. ಗೋಡೆ ಜಗಳದಿಂದ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಭಾವ ಮೈದುನರು ಎರಡು ದಿಕ್ಕಿನಿಂದ ಓಡಿಬಂದು ವಾಹನದ ಒಂದೇ ಬೆಂಚಿನಲ್ಲಿ ತೊಡೆಗೆ ತೊಡೆ ತಾಗಿಸಿ ಕೂತರು. ಪ್ರತಿಯೊಬ್ಬನ ಬಾಯಲ್ಲೂ ಒಂದೇ ಬೈಗುಳ: “ಥೂ, ನಾಚಿಕೆಗೆಟ್ಟ ಊರು! ನಾನೊಬ್ಬನೇ ಏನು?” ಪಕ್ಕದೂರಿನವರಿಗೆ ಕಾಯದೆ, ಶ್ಪಿರೋನನ್ನೂ ಹೊತ್ತು ವಾಹನ ಗರ್ಜಿಸುತ್ತ ಗುಡ್ಡ ಹತ್ತಿತು.

ವೈರ್‌ಲೆಸ್ ಬಹಳ ಹೊತ್ತು ಬರೀ ಗೊರಗೊರ ಎಂದಿತು. ಒಮ್ಮೆ ಶ್ಪಿರೋನ ದನಿ, “ರಸ್ತೆ ಕಾಣ್ತಿಲ್ಲ” ಎಂದು ಕಡಿದುಹೋಯಿತು. ದಿಂಕಾ ನನ್ನ ಪ್ಲಾಸ್ಟರನ್ನು ಹಿಡಿದುಕೊಂಡಿದ್ದಳು, ಬಿಡು ಎನ್ನಲು ನನಗೆ ಧೈರ್ಯವಾಗಲಿಲ್ಲ. ಕೊನೆಗೆ ಗೊರಗೊರದ ನಡುವೆ ಮುದುಕಿಯೊಬ್ಬಳ ಕೂಗು ಕೇಳಿಸಿತು: “ಇಷ್ಟೊತ್ತು ಎಲ್ಲಿ ಸತ್ತಿದ್ರೋ? ಆ ಪೆಟ್ಟಿಗೆ ಕಡೆ ನೀರು ಹೊಡಿ, ಪಾದ್ರೀ! ಪ್ರಾರ್ಥನೆ ಆಮೇಲೆ!” ಪೆರೀನಾ ಒದ್ದೆ ಗೋಣಿಯಿಂದ ಜ್ವಾಲೆಗಳನ್ನು ಬಡಿಯುತ್ತ ನಿಂತಿದ್ದಳಂತೆ. ಕೆಲವು ಜೇನುಪೆಟ್ಟಿಗೆ ಸುಟ್ಟವು, ಅವಳ ಹುಬ್ಬೂ ಸುಟ್ಟಿತು. ಬೈಗುಳ ಮಾತ್ರ ಒಂದೂ ಸುಡಲಿಲ್ಲ. ದಿಂಕಾ ಅಲ್ಲೇ ನೆಲದ ಮೇಲೆ ಕುಸಿದು ಅತ್ತಳು.

ಸಂಜೆ ರಾಕಿಯಾ ಸಾರಾಯಿ ಹಂಚಿದಾಗ ಊರಿನ ಪ್ರತಿಯೊಬ್ಬನೂ ಒಬ್ಬಂಟಿಯಾಗಿ ಬೆಂಕಿ ಆರಿಸಿದ ಮಹಾವೀರನಾಗಿದ್ದ. ದಿಂಕಾ ಎದ್ದು ನಿಂತು, ‘ಯಾರೂ ಇಲ್ಲ’ ಎಂದು ಬರೆದದ್ದು ತಾನೇ ಎಂದು ಹೇಳಿಬಿಟ್ಟಳು.

“ಅಂದ್ರೆ ನಿನ್ನ ಯಂತ್ರ ಕೆಟ್ಟಿರ್ಲಿಲ್ವಾ?” ಫ್ರಾನೆ ಕೇಳಿದ.

“ಯಂತ್ರ ಚೆನ್ನಾಗೇ ಇತ್ತು. ಕೆಟ್ಟಿದ್ದು ನೀವು.”

ಶ್ಪಿರೋ ಅವಳನ್ನು ಪಕ್ಕಕ್ಕೆ ಕರೆದು, “ಈ ಸುಳ್ಳನ್ನೇ ಇಟ್ಕೊಳ್ಳೋಣ ಬಿಡೇ” ಎಂದು ಗೋಗರೆದ. “ಎರಡನೇ ಸಲ ಯಾರು ನಂಬ್ತಾರೆ ಮಾವ?” ಎಂದಳು ಅವಳು. ಎರಡೂ ಗುಂಡಿಗಳನ್ನು ಕಿತ್ತುಹಾಕಿದಳು. ಈಗ ಮನೆಯಲ್ಲಿ ಕೂತು ಯಾರೂ ಬಂದೆ ಎನ್ನುವಂತಿಲ್ಲ. ದಳದ ಬಾಗಿಲಿಗೆ ಬಂದು ಫೋನ್ ತಾಗಿಸಿದರಷ್ಟೇ ದೀಪ.

ಸೆಪ್ಟೆಂಬರಿನಲ್ಲಿ ಮತ್ತೆ ಹೊಗೆ ಕಂಡಿತು. ಫೋನುಗಳು ಕೂಗಿದವು. ತೆರೆಯ ಮೇಲೆ ಒಂದೂ ದೀಪವಿಲ್ಲ, ಇರುವುದು ಅಪ್ಪಟ ಸತ್ಯವಾದ ಸೊನ್ನೆ. ಸುಳ್ಳಿನ ಸೊನ್ನೆಗಿಂತ ಅದು ಭಯಂಕರ, ಏಕೆಂದರೆ ಈ ಸಲ ಅಳಿಸಿ ಊರನ್ನು ಎಬ್ಬಿಸಲು ಸುಳ್ಳು ಹಸಿರು ಒಂದೂ ಉಳಿದಿರಲಿಲ್ಲ. ದಿಂಕಾ ಉಗುರು ಕಚ್ಚುತ್ತ ಬಾಗಿಲಲ್ಲಿ ನಿಂತಳು. ಕೆಳಗಿನ ಓಣಿಯಲ್ಲಿ, ಗೋಡೆಗಳಾಚೆ, ಯಾರೋ ಮರದ ಮೆಟ್ಟಿಲುಗಳನ್ನು ದಡದಡನೆ ಇಳಿಯುವುದು ಕೇಳಿಸಿತು.