ಎಲ್ಲರಿಗೂ ಹತ್ತಕ್ಕೆ ಹತ್ತು

ಗೆಳೆಯರೆ, ಇವತ್ತು ಖಾನಾಪುರದ ಹಾಲಿನ ಸಂಘದಲ್ಲಿ ಮೂರು ಕಂಪನಿಯವರು ತಮ್ಮ ತಮ್ಮ ಸಾಫ್ಟ್‌ವೇರ್ ತೋರಿಸಿದರು. ಒಂದನ್ನು ಆರಿಸಬೇಕು. ಸಂಘಕ್ಕೆ ಏನೇನು ಬೇಕೆಂದು ವಾರಗಟ್ಟಲೆ ಕೇಳಿ ಬರೆದುಕೊಟ್ಟವನು ನಾನು. ಹಾಲು ಹಾಕುವ ರೈತರಿಗೆ ಕೊಡುವ ಚೀಟಿ ಕನ್ನಡ, ಮರಾಠಿ ಎರಡರಲ್ಲೂ ಬರಲೇಬೇಕು ಎಂದು ಹಟ ಹಿಡಿದವರು ನಿರ್ದೇಶಕರೇ. ಒಬ್ಬರ ಸಾಫ್ಟ್‌ವೇರ್‌ನಲ್ಲಿ ಇಂಗ್ಲಿಷ್ ಬಿಟ್ಟು ಬೇರೇನೂ ಬರಲಿಲ್ಲ. ಆದರೂ ನಿರ್ದೇಶಕರೆಲ್ಲ ಸೇರಿ ಮೂವರಿಗೂ ಹತ್ತಕ್ಕೆ ಹತ್ತು ಅಂಕ ಹಾಕಿಬಿಟ್ಟರು!

"ಇದೇನ್ರಿ ಇದು?" ಎಂದು ಅಧ್ಯಕ್ಷರನ್ನು ಬದಿಗೆ ಕರೆದು ಕೇಳಿದೆ.

"ಅಷ್ಟು ದೊಡ್ಡ ಮಾನಿಟರ್ ಹೊತ್ಕೊಂಡು ಬಸ್ಸಿನ್ಯಾಗ ಬಂದಾರ್ರಿ. ನಮ್ಮ ಅವಲಕ್ಕಿ ತಿಂದಾರ. ಮನಿಗೆ ಬಂದೋರಿಗೆ ಕಡಿಮಿ ಹ್ಯಾಂಗ ಹಾಕೂದು?"

"ಹಂಗಾದ್ರ ಬ್ಯಾಡ ಅಂತ ಯಾರ್ ಹೇಳೂದ್ರಿ?"

"ಅದಕ್ಕ ಅಲ್ರೀ ನಿಮ್ಮನ್ನ ಬೆಳಗಾವಿಯಿಂದ ಕರೆಸಿದ್ದು!"

ಇಷ್ಟು ವಾರ ಕೇಳಿದರೂ ಈ ಒಂದು ಅಗತ್ಯವನ್ನು ಯಾರೂ ಬಾಯಿಬಿಟ್ಟಿರಲಿಲ್ಲ.

ಬರುವಾಗ ಅದೇ ಇಂಗ್ಲಿಷ್ ಚೀಟಿಯವರು ನನ್ನ ಬಸ್ಸಿಗೇ ಹತ್ತಿದರು. ಅವರಿಗೆ ಸೀಟು ಸಿಗಲಿಲ್ಲ. ಬೆಳಗಾವಿ ಮುಟ್ಟುವವರೆಗೆ ಅವರ ಮಾನಿಟರ್ ನನ್ನ ತೊಡೆಯ ಮೇಲಿತ್ತು. 'ಬೇಡ' ಎನ್ನುವುದನ್ನು ನಾಳೆ ಫೋನಿನಲ್ಲಿ ಹೇಳಿದರಾಯಿತು.