ಅವ್ವನ ದನಿಗೆ ಸಿಕ್ಕ ಬೀಗದ ಕೈ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಯ ಬೀಗದ ಕೈಯನ್ನು ಶಿಂಷಾ ಹೊಳೆಯಲ್ಲಿ ಕಳೆದವನು ನಾನು. ಯಾರೂ ಕದ್ದಿರಲಿಲ್ಲ, ಯಾರೂ ಮರೆತಿರಲಿಲ್ಲ. ಇದನ್ನು ಆ ಹೊತ್ತಿಗೇ ಒಪ್ಪಿಕೊಂಡಿದ್ದರೆ ಎರಡು ಗುದ್ದಿನಲ್ಲಿ ಮುಗಿಯುತ್ತಿತ್ತು. ನಾನು ಒಪ್ಪಲಿಲ್ಲ. ಆದ್ದರಿಂದ ಒಬ್ಬ ಹೆಂಗಸು ಇಡೀ ಬೀದಿಯ ಮುಂದೆ ಒಬ್ಬಳೇ ನಿಲ್ಲಬೇಕಾಯಿತು.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು, ನಮ್ಮೂರು ಮದ್ದೂರಿನಿಂದ ಮಳವಳ್ಳಿಗೆ ಕೆಮ್ಮುತ್ತಾ ಹೋಗುತ್ತಿದ್ದವು. ನಾನು ಹೈಸ್ಕೂಲು ಮುಗಿಸಿ, ‘ಮುಂದೇನಪ್ಪ?’ ಎಂದು ಕೇಳಿದವರನ್ನೆಲ್ಲ ಅವರದೇ ದನಿಯಲ್ಲಿ ಅಣಕಿಸಿಕೊಂಡು ತಿರುಗುತ್ತಿದ್ದೆ. ಅಮಲ್ದಾರರ ಕೆಮ್ಮು, ಕಂಡಕ್ಟರನ ಕೂಗು, ಪುರೋಹಿತರು ನಶ್ಯ ಏರಿಸಿ ಹೇಳುವ ಮಂತ್ರ, ಎಲ್ಲವೂ ನನ್ನ ಗಂಟಲಲ್ಲಿದ್ದವು. ನನ್ನ ಸ್ವಂತ ದನಿ ಮಾತ್ರ ಕಟ್ಟಿಹಾಕಿದ ಹೋತದ್ದು ಎಂದು ಗೆಳೆಯರು ಹೇಳುತ್ತಿದ್ದರು. ಅದನ್ನೂ ನಾನೇ ಚೆನ್ನಾಗಿ ಅಣಕಿಸುತ್ತಿದ್ದೆ.

ಪಕ್ಕದ ಮನೆ ಬೂಬಮ್ಮನದು. ಆಕೆಯ ಗಂಡ ಬಸ್ ಷೆಡ್ಡಿನಲ್ಲಿ ಮೆಕ್ಯಾನಿಕ್ಕು. ಆಕೆ ಗೋಷಾ ಹೆಂಗಸು. ಬೀದಿ ಬಾಗಿಲಿಗೆ ಸದಾ ಗೋಣಿತಟ್ಟಿನ ಪರದೆ. ನಮ್ಮಪ್ಪ ತೀರಿಕೊಂಡ ಮೇಲೆ ಅವ್ವ ಎಲ್ಲಿಗೆ ಹೋದರೂ ಬೀಗದ ಕೈ ಆ ಪರದೆಯ ಹಿಂದಕ್ಕೆ ಹೋಗುತ್ತಿತ್ತು. ಹರಟೆಗಾದರೆ ಅವ್ವ ಹಿತ್ತಲಿನಿಂದ ಒಳಗೇ ಹೋಗುವಳು; ಬೀಗದ ಕೈ ಮಾತ್ರ ಬೀದಿಯಿಂದಲೇ. ಕೂಗಿದರೆ ಸಾಕು, ಹಸಿರು ಬಳೆಯ ಕೈಯೊಂದು ಪರದೆಯ ಅಂಚಿನಿಂದ ಹೊರಗೆ ಬಂದು ಕೊಟ್ಟು ಒಳಗೆ ಹೋಗುತ್ತಿತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ದನಿಯೇ ಗುರುತು.

ಅಕ್ಕನ ಹೆರಿಗೆಗೆಂದು ಅವ್ವ ಮಳವಳ್ಳಿಗೆ ಹೊರಟಳು. ನನ್ನ ಊಟ ಅದೇ ಬೀದಿಯ ದೊಡ್ಡಪ್ಪನ ಮನೆಯಲ್ಲಿ ಎಂದಾಯಿತು. ಹೊರಡುವಾಗ ಪರದೆಯ ಮುಂದೆ ನಿಂತು, ನನಗೆ ಕೇಳಿಸಲೆಂದೇ ಗಟ್ಟಿಯಾಗಿ ಹೇಳಿದಳು:

“ನಾನೇ ಬಂದು ಕೇಳೋಗಂಟ ಯಾರ್ಗೂ ಕೊಡಬ್ಯಾಡ ಬೂಬಮ್ಮ. ಈ ನನ್ನ ಮಗ ಐದಂಗಂತೂ ಕೊಡ್ಲೇಬ್ಯಾಡ. ಓದ್ಸಲ ಜೊತೆಗಾರ್ರ ಕಟ್ಕೊಂಡು ಮನೇಲಿ ನಾಟ್ಕ ಆಡಿ, ಒಂದು ಡಬ್ಬ ಚಕ್ಲಿ ಖಾಲಿ ಮಾಡವ್ನೆ.”

ಈ ಮಾತು ಗೆಳೆಯರ ಕಿವಿಗೂ ಬಿತ್ತು. ಹೊಂಗೆ ಮರದ ಕೆಳಗೆ ಕೂತು ಒಬ್ಬ ಕೆಣಕಿದ: “ಊರೋರ ದನೀಲೆಲ್ಲಾ ಮಾತಾಡ್ತೀಯಲ್ಲಾ, ನಿಮ್ಮವ್ವನ ದನೀಲಿ ಬೀಗದ ಕೈ ಈಸ್ಕೊಂಡು ಬಾ ನೋಡವ.”

“ಅದೇನ್ ಮಹಾ,” ಎಂದೆ. ನನ್ನ ತೊಂದರೆಗಳೆಲ್ಲ ಈ ಮಾತಿನಿಂದಲೇ ಶುರುವಾಗುವುದು.

ಮಾರನೆಯ ದಿನ ಮಳವಳ್ಳಿ ಬಸ್ಸು ಬಂದ ಹೊತ್ತು ನೋಡಿಕೊಂಡು ಪರದೆಯ ಬಳಿ ನಿಂತೆ. ಅವ್ವ ಬಿಸಿಲಲ್ಲಿ ನಡೆದು ಬಂದಾಗ ಬಿಡುವ ಹಾಗೆ ಒಂದು ನಿಟ್ಟುಸಿರು ಬಿಟ್ಟೆ. “ಬೂಬಮ್ಮ, ಬೀಗದ ಕೈ ಕೊಡವ್ವ. ಕೂಸಿಗೆ ಸುತ್ತಕ್ಕೆ ಅಳೇ ಸೀರೆ ಬೇಕಾಯ್ತದೆ. ತಕ್ಕಂಡು ಇದೇ ಬಸ್ಸಿಗೆ ಓಯ್ತೀನಿ.”

ಅಲ್ಲಿಗೆ ನಿಲ್ಲಿಸಬೇಕಿತ್ತು. ಹಮ್ಮು ಬಿಡಲಿಲ್ಲ. “ನನ್ನ ಮಗ ಏನಾರ ತರ್ಲೆ ಮಾಡುದ್ನಾ?” ಎಂದೂ ಸೇರಿಸಿದೆ.

“ಆ ಕೋತಿ ಈ ಕಡೀಕೇ ಬಂದಿಲ್ಲ ಬುಡಕ್ಕ,” ಎಂದಿತು ಪರದೆ. ಕೋತಿ ಹೆಗಲ ಮೇಲಿನ ಟವೆಲನ್ನು ಸೆರಗಿನ ಹಾಗೆ ಚಾಚಿತು. ಬೀಗದ ಕೈ ಅದರೊಳಕ್ಕೆ ಬಿತ್ತು.

ಬಾಗಿಲು ತೆಗೆದೆವು. ತೆಗೆದ ಮೇಲೆ ತಿಳಿಯಿತು, ಒಳಗೆ ನಮಗೆ ಯಾವ ಕೆಲಸವೂ ಇಲ್ಲ. ಒಂದೊಂದು ಲೋಟ ನೀರು ಕುಡಿದು, ರಾಜ್ಯ ಗೆದ್ದವರ ಹಾಗೆ ಬೀಗ ಹಾಕಿಕೊಂಡು ಹೊರಗೆ ಬಂದೆವು. ಆಗಲೇ ಹಿಂದಕ್ಕೆ ಕೊಡಬಹುದಿತ್ತು. ಆದರೆ ಮತ್ತೆ ಅವ್ವನಾಗಿ ನಿಂತಾಗ ಬೂಬಮ್ಮ ಬಾಣಂತನದ ವಿಚಾರ ತೆಗೆದರೆ ಏನು ಹೇಳುವುದು? ಆ ಪಾಠ ನನಗೆ ಬಂದಿರಲಿಲ್ಲ. ನಾಳೆ ನೋಡೋಣ ಎಂದು ಹೊಳೆಗೆ ಈಜಲು ಹೋದೆ. ಬೀಗದ ಕೈಯನ್ನು ಚಡ್ಡಿಯ ಲಾಡಿಗೆ ಕಟ್ಟಿಕೊಂಡಿದ್ದೆ. ಆ ಗಂಟೂ ನನ್ನ ಹಾಗೆಯೇ, ನೋಡುವುದಕ್ಕೆ ಮಾತ್ರ ಗಟ್ಟಿ. ಸಂಜೆಯವರೆಗೆ ಮುಳುಗಿ ಮುಳುಗಿ ಮರಳು ಕೆದಕಿದೆವು. ಕಪ್ಪೆಚಿಪ್ಪು ಸಿಕ್ಕವು.

ಅಕ್ಕ ಹೆಣ್ಣು ಹೆತ್ತಳು. ಅವ್ವ ಮುಖವೆಲ್ಲ ಇದ್ದಿಲ ಮಸಿ ಮಾಡಿಕೊಂಡು ಬಸ್ಸಿಳಿದು ಬಂದಳು.

“ಬೀಗದ ಕೈ ಕೊಡು ಬೂಬಮ್ಮ.”

“ಮಾರ್ನೆ ದಿನ್ವೇ ಬಂದು ಈಸ್ಕೊಂಡು ಓದ್ಯಲ್ಲಕ್ಕ.”

“ನಾನಾ? ನಾನು ಈಗ ಬಸ್ಸಿಳೀತಿವ್ನಿ ಕಣೆ.”

“ಇಲ್ಲ ಕಣಕ್ಕ. ಕೊಟ್ಟಿವ್ನಿ.”

ಇಬ್ಬರದೂ ನಿಜ, ಅದೇ ಬಂದ ಕಷ್ಟ. ಬೀದಿ ಸೇರಿತು. ದೊಡ್ಡಪ್ಪನೂ ಬಂದು, ಪಂಚಾಯಿತಿ ಕಟ್ಟೆ ಹತ್ತಿದವನ ಹಾಗೆ ಗಂಟಲು ಸರಿಮಾಡಿಕೊಂಡ.

“ಕಳ್ದಾಕಿದ್ರೆ ಕಳ್ದಾಕ್ದೆ ಅನ್ನು ತಾಯಿ. ಯಾರೂ ನಿನ್ನ ನುಂಗಾಕಲ್ಲ.”

“ಕಳ್ದಾಕಿದ್ರೆ ಅಂಗೇ ಅಂತಿದ್ದೆ ಗೌಡ್ರೇ. ಕೊಟ್ಟಿವ್ನಿ.”

“ಅಂಗಾರೆ ಆಣೆ ಮಾಡು.”

“ಯಾಕೆ ಮಾಡ್ಲಿ? ಬೆಳಿಗ್ಗೆ ಒಲೆ ಅತ್ತುಸ್ದೆ ಅನ್ನಕ್ಕೆ ಯಾರಾರ ಆಣೆ ಮಾಡ್ತರಾ? ಇದೂ ಅಂಗೇಯ.”

ಮೂಲೆಮನೆ ಅಜ್ಜಿ ರಾಜಿಗೆ ಬಂದಳು. “ಇಲಿ ಎಳ್ಕೊಂಡೋಗಿರ್ತದೆ ಬುಡಿ.”

“ನಮ್ಮನೆ ಇಲಿ ಮ್ಯಾಲೂ ಸುಳ್ಳು ಒರಿಸ್ಬ್ಯಾಡ ಕಣಜ್ಜಿ.”

ಅಷ್ಟರಲ್ಲಿ ಬೂಬಮ್ಮನ ಗಂಡನೇ ಷೆಡ್ಡಿನಿಂದ ಕಬ್ಬಿಣ ಕೊಯ್ಯುವ ಗರಗಸ ಹಿಡಿದು ಬಂದ. “ಮರ್ತಿರ್ತೀಯ ಬುಡು. ಬೀಗ ಕುಯ್ದು, ನಾನೇ ಬ್ಯಾರೆ ಬೀಗ ಆಕ್ಕೊಡ್ತೀನಿ,” ಎಂದ.

“ಮುಟ್ಟಬ್ಯಾಡ,” ಎಂದಿತು ಪರದೆ. “ಈಗ ನೀನು ಕುಯ್ದ್ರೆ ನಾನು ಕಳ್ದಂಗಾಯ್ತದೆ. ಇವತ್ತು ಕಳ್ದೋಳು ಅಂತರೆ, ನಾಳೆ ಕದ್ದೋಳು ಅಂತರೆ. ನಾನು ಕೊಟ್ಟಿವ್ನಿ ಅಂತ ಇವ್ರು ಒಪ್ಪೋಗಂಟ ಆ ಬೀಗ ಅಂಗೇ ಇರ್ಲಿ.”

ಗರಗಸ ನಿಂತಲ್ಲೇ ನಿಂತಿತು. ಊರಿನ ಬಸ್ಸುಗಳೆಲ್ಲ ಆ ಮನುಷ್ಯನ ಮಾತು ಕೇಳುತ್ತಿದ್ದವು. ಮನೆಯಲ್ಲಿ ಆ ಅನುಕೂಲ ಇರಲಿಲ್ಲ. ಈ ನಡುವೆ ಹಸಿರು ಬಳೆಯ ಕೈ ಒಂದು ಚಾಪೆಯನ್ನು ಹೊರಗೆ ತಳ್ಳಿತು. ಅವ್ವ ಅದನ್ನು ಜಗಲಿಗೆ ಹಾಸಿಕೊಂಡು, ಕಾಲು ನೀಡಿ ಕೂತು, ಜಗಳ ಮುಂದುವರಿಸಿದಳು.

ನಾನು ದೊಡ್ಡಪ್ಪನ ಬೆನ್ನ ಹಿಂದೆ ನಿಂತಿದ್ದೆ. ನನಗೆ ಅಷ್ಟು ದನಿಗಳು ಬರುತ್ತಿದ್ದವು. ‘ನಾನು ಕಳೆದೆ’ ಎನ್ನುವ ದನಿ ಒಂದು ಬರಲಿಲ್ಲ.

ಕೊನೆಗೆ ಅವ್ವ ಕೇಳಿದಳು: “ಸರಿ, ನಾನು ಬಂದಿದ್ದೆ ಅಂತೀಯಲ್ಲ, ಬಂದು ಏನಂದೆ?”

ಬೂಬಮ್ಮ ಒಂದಕ್ಷರ ಬಿಡದೆ ಹೇಳಿದಳು. ಕೂಸಿಗೆ ಹಳೇ ಸೀರೆ, ಇದೇ ಬಸ್ಸು. “ಆಮ್ಯಾಕೆ, ನನ್ನ ಮಗ ಏನಾರ ತರ್ಲೆ ಮಾಡುದ್ನಾ ಅಂತ ಕೇಳ್ದೆ.”

ಅವ್ವ ನೀಡಿದ ಕಾಲು ಮಡಿಚಿಕೊಂಡಳು. “ಅಂಗಂತ ನಾನು ಯಾವತ್ತಾರ ಕೇಳಿದ್ದುಂಟಾ? ಮಾಡೇ ಇರ್ತನೆ ಅಂತ ನಂಗೊತ್ತಿಲ್ವಾ?” ಎನ್ನುತ್ತಲೇ ತಲೆ ತಿರುಗಿಸಿದಳು. ದೊಡ್ಡಪ್ಪನ ಬೆನ್ನು ಅಗಲವಾಗಿಯೇ ಇತ್ತು, ಆದರೂ ಸಾಲಲಿಲ್ಲ.

“ಬಾರ್ಲಾ ಇಲ್ಲಿ. ಪರದೆ ಮುಂದೆ ನಿಂತ್ಕೊ. ನನ್ನಂಗೆ ಮಾತಾಡು.”

ನಿಂತೆ. ಊರೆಲ್ಲ ನೋಡುತ್ತಿರುವಾಗ, ಎದುರಿಗೇ ಕೂತ ಅವ್ವನ ದನಿಯಲ್ಲಿ, “ಬೂಬಮ್ಮ, ಬೀಗದ ಕೈ ಕೊಡವ್ವ,” ಎಂದೆ. ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ಯಾರೂ ನಗಲಿಲ್ಲ.

“ಇದೇ ದನಿ,” ಎಂದಳು ಬೂಬಮ್ಮ. ಆಮೇಲೆ ಗಂಡನಿಗೆ, “ಈಗ ಕುಯ್ಯಿ.”

ಹೊಳೆಯ ಕಥೆ ಹೇಳಿದೆ. ಅವ್ವನ ಕೈಯಿಂದ ಬರಬೇಕಾದದ್ದು ಬಂತು. ಹಳೆಯ ಬೀಗ ತುಂಡಾಗಿ ಬಿತ್ತು, ಹೊಸದು ಕೂತಿತು. ಅವ್ವ ಅದರ ಕೈಯನ್ನು ಹಿಡಿದು ನೇರ ಪರದೆಯ ಕಡೆಗೇ ನಡೆದಳು. ದೊಡ್ಡಪ್ಪ ಅಡ್ಡ ಬಂದ. ಅವನ ಮಾತು ನಡೆಯದ ಪಂಚಾಯಿತಿ ಅದೊಂದೇ. ಸೋತು ಮನೆಗೆ ಹೋಗಲು ಅವನಿಗೆ ಇಷ್ಟವಿರಲಿಲ್ಲ.

“ಅದೇನೇ ಆಗ್ಲಿ. ಒಬ್ಬ ಐದ ಏಮಾರ್ಸ್ದ ಅಂದ್ರೆ ನಾಳೆ ಕಳ್ಳನೂ ಏಮಾರುಸ್ತನೆ. ದನಿಗೆ ಬೆಪ್ಪಾಗೋರ ಮನೇಲಿ ಬೀಗದ ಕೈ ಮಡಗೋದು ಬ್ಯಾಡ. ಇನ್ಮ್ಯಾಲೆ ಅದು ನನ್ನತ್ರ ಇರ್ಲಿ.”

ಅವ್ವ ಬಾಯಿ ತೆರೆಯುವ ಮೊದಲೇ ಪರದೆಯ ಅಂಚಿನಿಂದ ಹಸಿರು ಬಳೆಯ ಕೈ ಹೊರಗೆ ಬಂದು, ಅಂಗೈ ಬಿಚ್ಚಿ, ಕಾಯುತ್ತಾ ನಿಂತಿತು. ಒಳಗಿನಿಂದ ಬೂಬಮ್ಮ ಹೇಳಿದಳು:

“ಮೊದ್ಲು ಆ ಐದನ್ನ ಒಳಕ್ಕಾಕಿ ಬೀಗ ಜಡೀರಿ ಗೌಡ್ರೇ. ಆ ಬೀಗದ ಕೈನೂ ತಂದು ನನ್ನತ್ರಾನೇ ಕೊಡಿ.”